ಹತ್ತನೆಯವಳು

ಗುತ್ಯಮ್ಮನ ಕೈ ಅಚ್ಚಿಗೆ ಸಿಕ್ಕಿದ್ದು ಡಿಸೆಂಬರಿನ ಒಂದು ಬೆಳಿಗ್ಗೆ. ಆ ಕೈಗೆ ಯಾರೂ ಹೊಣೆಯಲ್ಲ ಎಂದು ಕಾಗದದ ಮೇಲೆ ಬರೆದಾಗಿದ್ದು ಅದಕ್ಕೂ ಒಂಬತ್ತು ತಿಂಗಳ ಮೊದಲು, ನನ್ನ ಅಂಗಡಿಯಲ್ಲಿ. ಬರೆದವಳು ನಾನೇ.

ನನ್ನದು ಹೊಸನಗರದ ತಾಲ್ಲೂಕು ಕಚೇರಿಯ ಎದುರು ಒಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಇಪ್ಪತ್ತಾರು ವರ್ಷದಿಂದ ಜನರ ಅರ್ಜಿ, ಅಫಿಡವಿಟ್, ಒಪ್ಪಂದ ಟೈಪು ಮಾಡುತ್ತ ಕೂತಿದ್ದೇನೆ. ವಿಜಯಲಕ್ಷ್ಮೀ ಎಂದು ಹೆಸರಿದ್ದರೂ ಪೇಟೆಗೆಲ್ಲ ವಿಜಯಕ್ಕ, ಊರಿನವರಿಗೆ ವಿಜಯಮ್ಮ. ಬಾಯಿ ಜೋರು ಎಂಬ ಬಿರುದೂ ಇದೆ, ಅದು ಸುಳ್ಳಲ್ಲ. ತಲೆಬುಡವಿಲ್ಲದ ಅರ್ಜಿ ಹಿಡಿದು ಬಂದವರನ್ನು ಬೈದು, ಸರಿ ಮಾಡಿಸಿ ಕಳಿಸುವುದು ನನ್ನ ಅಭ್ಯಾಸ. ಅವತ್ತು ಒಬ್ಬಳನ್ನು ಬೈಯದೆ ಬಿಟ್ಟೆ. ಅದಕ್ಕೇ ಇದನ್ನು ಬರೆಯಬೇಕಾಗಿ ಬಂತು.

ಗುತ್ಯಮ್ಮ ನಮ್ಮೂರಿನವಳೇ. ಪೇಟೆಯಿಂದ ಆರು ಮೈಲಿ ದೂರದ ಆ ಊರನ್ನು ನಾವು ಎಂದೋ ಬಿಟ್ಟೆವು, ಅವಳು ಅಲ್ಲೇ ಇದ್ದಾಳೆ. ವಯಸ್ಸು ನಲವತ್ತೈದರ ಆಚೀಚೆ, ಕುಳ್ಳಿ, ಗಟ್ಟಿಮುಟ್ಟು, ನಡೆದರೆ ಓಡಿದ ಹಾಗೆ. ಗಂಡ ತೀರ್ಥಹಳ್ಳಿ ಕಡೆಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ದಿನವಿಡೀ ಬಸ್ಸಿನಲ್ಲಿ ಕೂಗಿ ಕೂಗಿ, ಮನೆಗೆ ಬಂದ ಮೇಲೆ ಬಾಯೇ ಬಿಡುವುದಿಲ್ಲ ಎಂದು ಅವಳು ನಗುತ್ತಿದ್ದಳು. ಒಬ್ಬಳೇ ಮಗಳು ಕಾವ್ಯಾ, ತೀರ್ಥಹಳ್ಳಿಯಲ್ಲಿ ಡಿಗ್ರಿ ಓದುತ್ತಿದ್ದಳು. ಗುತ್ಯಮ್ಮನಿಗೆ ಅಣ್ಣತಮ್ಮಂದಿರಿಲ್ಲ. ಹಬ್ಬಕ್ಕೆ ಓರಗೆಯ ಹೆಂಗಸರನ್ನು ತವರಿನವರು ಕರೆಯಲು ಬರುವ ದಿನಗಳಲ್ಲಿ ಇವಳು ಬೇಕೆಂದೇ ದೂರದ ಕೆಲಸ ಹುಡುಕಿಕೊಂಡು ಹೋಗುತ್ತಿದ್ದಳು. ಕರೆಯಲು ಒಬ್ಬ ತಮ್ಮ ಇಲ್ಲವಲ್ಲ ಎಂಬ ಮುಳ್ಳು ಅವಳ ಎದೆಯಲ್ಲಿ ಯಾವತ್ತೂ ಇತ್ತು.

ಆ ಮುಳ್ಳನ್ನು ಕಿತ್ತವನು ನಾಗೇಂದ್ರ. ಅವಳ ಜನವೇ, ದೂರದಿಂದ ಹೇಗೋ ಸಂಬಂಧ ಎಣಿಸಬಹುದು, ಅವಳಿಗಿಂತ ಏಳೆಂಟು ವರ್ಷ ಚಿಕ್ಕವನು. ಅವನು ಊರಿನಲ್ಲಿ ಹಾಳೆತಟ್ಟೆಯ ಘಟಕ ಹಾಕಿದ. ಅಡಿಕೆ ಮರದಿಂದ ಉದುರಿದ ಹಾಳೆಯನ್ನು ನೆನೆಸಿ, ತೊಳೆದು, ಕಾದ ಅಚ್ಚಿನ ಮೇಲಿಟ್ಟು ಒತ್ತಿದರೆ ಊಟದ ತಟ್ಟೆಯಾಗುತ್ತದೆ. ಐದು ಮಷೀನು, ದುಡಿಯುವವರು ಎಲ್ಲ ಹೆಂಗಸರು. ಮೊದಲ ದಿನದಿಂದ ಗುತ್ಯಮ್ಮ ಅಲ್ಲಿದ್ದಳು. ಬೆಳಿಗ್ಗೆ ಬೀಗ ತೆಗೆದು ಹೀಟರು ಹಾಕುವವಳು ಅವಳು, ಸಂಜೆ ನೆಲ ತೊಳೆದು ಬೀಗ ಹಾಕುವವಳೂ ಅವಳೇ. ನಾಗೇಂದ್ರ ಅವಳನ್ನು 'ಗುತ್ಯಕ್ಕ' ಎನ್ನುತ್ತಿದ್ದ. ದೀಪಾವಳಿಗೆ ಸೀರೆ ಕೊಡುತ್ತಿದ್ದ. ಭೂಮಿ ಹುಣ್ಣಿಮೆಯ ಹಿಂದಿನ ದಿನ ಸ್ವತಃ ಬಂದು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಹೊಲಕ್ಕೆ ಎಡೆ ಒಯ್ಯುವ ಬುಟ್ಟಿಗೆ ಮಣ್ಣು ಬಳಿದು ಚಿತ್ತಾರ ಬರೆಯಲು ಅವರ ಮನೆಗೆ ಇವಳೇ ಆಗಬೇಕು. ಅವಳು ಒಂದು ದಿನವೂ 'ಕೆಲಸಕ್ಕೆ ಹೋಗ್ತೀನಿ' ಎಂದದ್ದನ್ನು ನಾನು ಕೇಳಿಲ್ಲ. 'ನಾಗೇಂದ್ರನ ಮನೆ ಕಡೆ ಹೋಗ್ತೀನಿ' ಎನ್ನುತ್ತಿದ್ದಳು.

ಘಟಕದ ಹಾಜರಿ ಪುಸ್ತಕದಲ್ಲಿ ಒಂಬತ್ತು ಹೆಸರಿದ್ದವು. ಹತ್ತಾದರೆ ಕೆಲಸಗಾರರ ಇಎಸ್‌ಐ ವಿಮೆ ಕಟ್ಟಬೇಕು, ಅದರ ಹಿಂದೆ ಮತ್ತೊಂದು, ಮಗದೊಂದು. ಹತ್ತನೆಯವಳು ಗುತ್ಯಮ್ಮ, ಅವಳ ಕೂಲಿ ಪುಸ್ತಕಕ್ಕೆ ಬರೆಯದೆ ಕೈಗೇ ಸಿಗುತ್ತಿತ್ತು. ಅವಳ ಹೆಸರು ಬಿಟ್ಟದ್ದಕ್ಕೆ ನಾಗೇಂದ್ರ ಕೊಟ್ಟ ಕಾರಣವನ್ನು ಅವಳೇ ನನ್ನ ಅಂಗಡಿಗೆ ಬಂದು ಹೆಮ್ಮೆಯಿಂದ ಹೇಳಿದಳು.

"ನಾಗೇಂದ್ರ ಎಂತ ಹೇಳ್ದ ಗೊತ್ತಾ ವಿಜಯಮ್ಮ? 'ಗುತ್ಯಕ್ಕ, ನಿಮ್ಮ ಹೆಸ್ರು ಅದ್ರಲ್ಲಿ ಬರೆಯೋಕೆ ನಂಗೇ ನಾಚ್ಕೆ ಆಗ್ತದೆ. ಸ್ವಂತ ಅಕ್ಕನ್ನ ಹಾಜರಿ ಹಾಕಿ ದುಡಿಸ್ಕೊಂಡ ಅಂತ ಜನ ಆಡ್ಕೊಳ್ತಾರೆ' ಅಂದ. ನಂಗೆ ಕಣ್ಣಲ್ಲಿ ನೀರೇ ಬಂತು."

ನಾಗೇಂದ್ರ ಕೆಟ್ಟವನು ಎಂದು ನಾನು ಹೇಳುವುದಿಲ್ಲ. ಕೆಟ್ಟವನಾಗಿದ್ದರೆ ಅವಳು ಹುಷಾರಾಗಿ ಇರುತ್ತಿದ್ದಳು. ಅವನು ಅಕ್ಕ ಎಂದಾಗ ನಿಜಕ್ಕೂ ಅಕ್ಕ ಎಂದೇ ಅಂದುಕೊಂಡಿದ್ದನೋ ಏನೋ. ಹಾಗೆ ಅಂದುಕೊಳ್ಳುವುದರಿಂದ ಅವನಿಗೆ ನಷ್ಟವೇನೂ ಇರಲಿಲ್ಲ.

ಒಮ್ಮೆ ತಟ್ಟೆಯ ಕಟ್ಟುಗಳಿಗೆ ಅಂಟಿಸುವ ಲೇಬಲ್ ಕೊಡಲು ನಾನೇ ಘಟಕಕ್ಕೆ ಹೋಗಿದ್ದೆ. ಅವಳ ಮಷೀನಿನ ಮುಂದೆ ನಿಂತು ನೋಡಿದೆ. ಬಲಕ್ಕೊಂದು, ಎಡಕ್ಕೊಂದು ಬಟನ್. ಎರಡೂ ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿಯಬೇಕು. ಕೈ ಒಳಗಿರುವಾಗ ಅಚ್ಚು ಇಳಿಯದಿರಲಿ ಎಂದು ಮಷೀನು ಮಾಡಿದವನು ಕಂಡುಕೊಂಡ ಉಪಾಯ ಅದು. ಎಡಗಡೆಯ ಬಟನ್ನಿಗೆ ಸೈಕಲ್ ಟ್ಯೂಬಿನ ತುಂಡು ಬಿಗಿದು, ಅದು ಸದಾ ಒತ್ತಿದಂತೆಯೇ ಇರುವ ಹಾಗೆ ಮಾಡಿದ್ದರು. ಎಡಗೈ ಬಿಡುವಾದರೆ ಹಾಳೆ ಇಡಲು ಅನುಕೂಲ, ಗಂಟೆಗೆ ಮೂವತ್ತು ನಲವತ್ತು ತಟ್ಟೆ ಹೆಚ್ಚು. ಗುತ್ಯಮ್ಮ ಎಡಗೈಯಲ್ಲಿ ಹಾಳೆ ಇಡುತ್ತಿದ್ದಳು, ಬಲಗೈಯಲ್ಲಿ ಒತ್ತುತ್ತಿದ್ದಳು. ಕೈ ಹೊರಗೆ ಬರುವುದೂ ಅಚ್ಚು ಇಳಿಯುವುದೂ ಒಂದೇ ಉಸಿರಿನಲ್ಲಿ. 

"ಇದೆಂತ ಆಟ ಮಾರಾಯ್ತಿ? ಕೈ ಇರೋದು ಎರಡೇ," ಎಂದೆ.

"ಅಭ್ಯಾಸ ಆಗ್ತದೆ ವಿಜಯಮ್ಮ. ಅಚ್ಚು ಬರೋದು ಕೈಗೇ ಗೊತ್ತಾಗ್ತದೆ," ಎಂದು ಅವಳು ಎಡಗೈ ಬೆರಳು ತೋರಿಸಿದಳು. ತುದಿಗಳೆಲ್ಲ ಸುಟ್ಟು ಸುಟ್ಟು ಕಪ್ಪಾಗಿ ನುಣ್ಣಗಾಗಿದ್ದವು. ಬಿಸಿ ಈಗ ತಾಗುವುದೇ ಇಲ್ಲ ಎಂದಳು. ಅದು ಒಳ್ಳೆಯ ಸುದ್ದಿಯಲ್ಲ ಎಂದು ನನಗನ್ನಿಸಿತು, ಆದರೆ ಹೇಳದೆ ಬಂದೆ.

ಆ ಮಾರ್ಚಿನಲ್ಲಿ ಲೇಬರ್ ಇನ್ಸ್‌ಪೆಕ್ಟರ್ ಬಂದರು. ಅವರು ಬರುವ ಸುದ್ದಿ ಒಂದು ಗಂಟೆ ಮೊದಲೇ ಯಾರದೋ ಫೋನಿನಲ್ಲಿ ಬಂದಿತ್ತು. ಇಂಥ ಹೊತ್ತಿನಲ್ಲಿ ಪುಸ್ತಕದಲ್ಲಿ ಇಲ್ಲದವರು ಹಿಂಬಾಗಿಲಿನಿಂದ ಗುಡ್ಡಕ್ಕೆ ಹೋಗಿ ಕೂರುವುದು ರೂಢಿ. ನಾಗೇಂದ್ರ ಹಾಗೇ ಹೇಳಿದ. ಗುತ್ಯಮ್ಮ ಹೋಗಲಿಲ್ಲ. ಕಳ್ಳಿಯ ಹಾಗೆ ತಾನೇಕೆ ಓಡಬೇಕು? ಅವನ ಮನೆಯಿಂದ ಮಜ್ಜಿಗೆ ತಂದು ಇನ್ಸ್‌ಪೆಕ್ಟರ ಮುಂದಿಟ್ಟಳು. ನೀವು ಯಾರು ಎಂದು ಅವರು ಕೇಳಿದರು.

"ನಾನಾ? ನಾಗೇಂದ್ರನ ಅಕ್ಕ. ಮನೆಯವಳು. ಸುಮ್ನೆ ನೋಡ್ಲಿಕ್ಕೆ ಬಂದಿದ್ದೆ," ಎಂದಳು.

ಅವಳ ಸೀರೆಯ ನೆರಿಗೆಗೆ ಹಾಳೆಯ ಚೂರು ಅಂಟಿದ್ದು ಅವರ ಕಣ್ಣಿಗೆ ಬಿದ್ದಿರಬೇಕು. ಹಾಗಾದರೆ ಅಷ್ಟನ್ನೇ ಬರೆದುಕೊಡಿ ಎಂದರಂತೆ. ಮಧ್ಯಾಹ್ನ ನಾಗೇಂದ್ರ ಅವಳನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದ. ಇಬ್ಬರೂ ನಗುತ್ತಿದ್ದರು. ಅವಳಂತೂ ಮದುವೆ ಮನೆಗೆ ಬಂದವಳ ಹಾಗಿದ್ದಳು. ನಾನು ಟೈಪು ಮಾಡಿದೆ: 'ನಾನು ಸದರಿ ಘಟಕದ ಮಾಲೀಕರ ಕುಟುಂಬದವಳಾಗಿದ್ದು, ಸದರಿ ಘಟಕದಲ್ಲಿ ಕೂಲಿಗಾಗಲೀ ಸಂಬಳಕ್ಕಾಗಲೀ ಕೆಲಸ ಮಾಡುತ್ತಿರುವುದಿಲ್ಲ. ಆಗಾಗ್ಗೆ ನೋಡಲು ಬಂದು ಹೋಗುತ್ತಿರುತ್ತೇನೆ.'

'ಕುಟುಂಬದವಳಾಗಿದ್ದು' ಎಂಬಲ್ಲಿ ನನ್ನ ಬೆರಳು ನಿಂತವು. ಈ ಮಾತು ನನಗೆ ಹೊಸದಲ್ಲ. ಇದೇ ಮಾತಿನಿಂದ ನಮ್ಮ ಮನೆ ಉಳಿದಿದೆ.

ಡಿಕ್ಲರೇಷನ್ ಕಾಲದ ಕಥೆ. ಗೇಣಿಗೆ ಉಳುವವನು ಅರ್ಜಿ ಹಾಕಿದರೆ ಭೂಮಿ ಅವನದಾಗುವ ಕಾನೂನು ಬಂದಿತ್ತು. ಗುತ್ಯಮ್ಮನ ಅಜ್ಜ ನಿಂಗಪ್ಪ ಉಳುತ್ತಿದ್ದದ್ದು ನಮ್ಮ ಅಜ್ಜನ ಗದ್ದೆ. ನಮ್ಮಜ್ಜ ಅವನನ್ನು ಹೆದರಿಸಲಿಲ್ಲ, ಹೊಡೆಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, 'ನಿಂಗಪ್ಪ, ನೀನು ಗೇಣಿದಾರ ಅಂತ ಯಾರಾದ್ರೂ ಅಂದ್ರೆ ನಂಗೆ ಬೇಜಾರು. ನೀನು ಮನೆಯವನಲ್ವೇನೋ' ಎಂದರಂತೆ. ನಿಂಗಪ್ಪ ಟ್ರಿಬ್ಯೂನಲ್ಲಿನ ಮುಂದೆ ಎದೆ ಉಬ್ಬಿಸಿ, ನಾನು ಗೇಣಿದಾರ ಅಲ್ಲ, ಒಡೇರ ಮನೆಯವನು ಎಂದು ಹೇಳಿ ಬಂದ. ಪಕ್ಕದ ಗದ್ದೆ ಉಳುತ್ತಿದ್ದ ನಾಗೇಂದ್ರನ ಅಜ್ಜ, ತನ್ನ ಒಡೆಯರು ಎಷ್ಟು ಕಣ್ಣೀರು ಹಾಕಿದರೂ ಕೇಳದೆ ಅರ್ಜಿ ಹಾಕಿದ. ಅವನಿಗೆ ನಾಲ್ಕು ಎಕರೆ ಬಂತು, ಘಟಕ ನಿಂತಿರುವುದು ಆ ಜಾಗದಲ್ಲೇ. ನಮ್ಮಜ್ಜ ನಿಂಗಪ್ಪನ ಗದ್ದೆಯನ್ನು ಹತ್ತು ವರ್ಷದ ಮೇಲೆ ಮಾರಿದರು. ಆ ದುಡ್ಡಿನಲ್ಲಿ ನಾವು ಪೇಟೆಗೆ ಬಂದೆವು, ನಾನು ಓದಿದೆ.

ಇಷ್ಟೆಲ್ಲ ಗೊತ್ತಿದ್ದವಳು ನಾನು. 'ಏ ಗುತ್ಯಮ್ಮ, ಬೇಡ, ಎದ್ದು ನಡಿ' ಎಂದು ಒಂದು ಮಾತು ಸಾಕಿತ್ತು. ನಾಗೇಂದ್ರ ಎದುರಿಗೇ ಕೂತಿದ್ದ, ನನ್ನ ಅಂಗಡಿಗೆ ತಿಂಗಳು ತಿಂಗಳೂ ಕೆಲಸ ಕೊಡುವವನು. ಊರ ಉಸಾಬರಿ ನನಗೇಕೆ ಎಂದುಕೊಂಡೆ. "ಅಂತೂ ತವರುಮನೆ ಸಿಕ್ತು ಬಿಡೇ ನಿಂಗೆ," ಎಂದು ತಮಾಷೆ ಬೇರೆ ಮಾಡಿದೆ. ಬರೆದದ್ದನ್ನು ಓದಿ ಹೇಳಿದೆ. ಅವಳು ನಾಲಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು.

ಆಮೇಲಿನ ಒಂಬತ್ತು ತಿಂಗಳು ನನಗೆ ಅವಳ ಎಡಗೈ ಆಗಾಗ ನೆನಪಾಗುತ್ತಿತ್ತು. ಮಳೆಗಾಲ ಮುಗಿದು ಮದುವೆಯ ದಿನಗಳು ಹತ್ತಿರ ಬಂದವು, ತಟ್ಟೆಗೆ ಬೇಡಿಕೆ ಏರಿತು. ಪಕ್ಕದ ಮಷೀನಿನ ಸೌಜನ್ಯಾ ಎಂಬವಳ ಹೆಬ್ಬೆರಳಿನ ಉಗುರು ಜಜ್ಜಿಹೋಯಿತು. ಅರಿಸಿನ ಹಚ್ಚಿ ಬಟ್ಟೆ ಕಟ್ಟಿಕೊಂಡು ಅವಳು ಮಾರನೇ ದಿನವೇ ಕೂತಳು. ಗುತ್ಯಮ್ಮನ ಮಷೀನಿನ ಟ್ಯೂಬು ಲಡ್ಡಾಗಿ ಹರಿದಾಗ ಅಲ್ಲಿಗೆ ಕಬ್ಬಿಣದ ತಂತಿ ಬಿಗಿದರು. ಬಲಗಡೆಯ ಬಟನ್ನಿಗೂ ಹಾಳೆಯ ಚೂರು ಸೇರಿ ಅದು ಒಮ್ಮೊಮ್ಮೆ ಒತ್ತಿದಲ್ಲೇ ಕೂತುಬಿಡುತ್ತಿತ್ತು. ರಿಪೇರಿಯವನು ಶಿವಮೊಗ್ಗದಿಂದ ಬರಬೇಕು, ಮುಂದಿನ ವಾರ ಬರುತ್ತಾನೆ ಎಂದು ನಾಗೇಂದ್ರ ಹೇಳುತ್ತಿದ್ದ. ಆ ಮುಂದಿನ ವಾರ ಐದು ವಾರವಾದರೂ ಬರಲಿಲ್ಲ.

ಡಿಸೆಂಬರಿನ ಆ ಬೆಳಿಗ್ಗೆ ಆರೂವರೆಗೆ ಕರೆಂಟು ಹೋಯಿತು. ಅಚ್ಚು ಅರ್ಧದಲ್ಲೇ ನಿಂತಿತು. ಹಾಳೆ ಓರೆಯಾಗಿದೆ ಎಂದು ಗುತ್ಯಮ್ಮ ಅದನ್ನು ಸರಿ ಮಾಡಲು ಎಡಗೈ ಒಳಗಿಟ್ಟಳು. ಬಲಗಡೆಯ ಬಟನ್ ಒತ್ತಿದಲ್ಲೇ ಸಿಕ್ಕಿಕೊಂಡಿತ್ತು. ಕರೆಂಟು ಬಂತು.

ಸರಕು ಸಾಗಿಸುವ ಆಟೋದ ದುಗ್ಗಪ್ಪ ಅವಳನ್ನು ಆಸ್ಪತ್ರೆಗೆ ಒಯ್ದ. ಅಲ್ಲಿಂದ ಶಿವಮೊಗ್ಗ. ಹೆಬ್ಬೆರಳೊಂದು ಉಳಿಯಿತು, ಉಳಿದ ನಾಲ್ಕು ಹೋದವು. ಮೂರನೆಯ ದಿನ ನಾಗೇಂದ್ರ ಹಣ್ಣು ತಂದು, ಆಸ್ಪತ್ರೆಯ ಖರ್ಚು ನೋಡಿಕೊಳ್ಳುತ್ತೇನೆ ಅಕ್ಕ ಎಂದ. ಯಾರಾದರೂ ಕೇಳಿದರೆ ಮನೆಯಲ್ಲಿ ಆದದ್ದು ಅನ್ನಿ ಎಂದೂ ಹೇಳಿದ. ಅವಳು ತಲೆಯಾಡಿಸಿದಳು. ಆದರೆ ದುಗ್ಗಪ್ಪನಿಗೆ ಸುಳ್ಳು ಹೇಳಿಕೊಡುವುದನ್ನು ಯಾರೋ ಮರೆತಿದ್ದರು. ಕೈಗೆ ಏನಾಯಿತು ಎಂದು ಡಾಕ್ಟರು ಕೇಳಿದಾಗ, ತಟ್ಟೆ ಮಷೀನಿಗೆ ಸಿಕ್ತು ಎಂದು ಅವನು ಇದ್ದದ್ದನ್ನು ಇದ್ದಂತೆ ಹೇಳಿದ್ದ, ಅದು ಆಸ್ಪತ್ರೆಯ ಚೀಟಿಯಲ್ಲಿ ಸೇರಿಹೋಗಿತ್ತು.

ಅದು ಗೊತ್ತಾದ ಮೇಲೆ ನಾಗೇಂದ್ರ ಮತ್ತೆ ಬರಲಿಲ್ಲ. ಕಾವ್ಯಾ ಯಾರನ್ನೋ ಹಿಡಿದು ಒಂದು ನೋಟೀಸು ಕಳಿಸಿದಳು. ಅದಕ್ಕೆ ಬಂದ ಉತ್ತರವನ್ನು ಹಿಡಿದುಕೊಂಡು ನೇರ ನನ್ನ ಅಂಗಡಿಗೆ ಬಂದಳು. ಸದರಿ ಮಹಿಳೆ ನಮ್ಮ ಕೆಲಸಗಾರಳಲ್ಲ, ಕುತೂಹಲದಿಂದ ಮಷೀನು ಮುಟ್ಟಿದ್ದಾಳೆ ಎಂದು ಉತ್ತರದಲ್ಲಿತ್ತು. ಜೊತೆಗೆ ಲಗತ್ತಿಸಿದ್ದು ನಾನು ಟೈಪು ಮಾಡಿದ ಕಾಗದ.

"ಇದು ನಿಮ್ಮ ಅಂಗಡೀಲೇ ಆಗಿದ್ದಲ್ವಾ ಆಂಟಿ?" ಎಂದು ಕೇಳಿದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸುತ್ತಿದ್ದೆ. ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು. ನನ್ನ ಅಣ್ಣನ ಮಗ ಆದೀಶ್ ಸಾಗರದಲ್ಲಿ ವಕೀಲ. ಆಗಲೇ ಅವನಿಗೆ ಫೋನು ಮಾಡಿದೆ.

ಕೇಸು ಹಾಕಲು ಗುತ್ಯಮ್ಮ ಒಪ್ಪಲಿಲ್ಲ. ನಾನು ಅವಳ ಮನೆಗೆ ಹೋಗಿ, ಅಂದು ಬೈಯದ್ದನ್ನೆಲ್ಲ ಸೇರಿಸಿ ಬೈದೆ. "ತಮ್ಮನ ಮೇಲೆ ಕೋರ್ಟಿಗೆ ಹೋಗ್ತಾರಾ ವಿಜಯಮ್ಮ? ಈಗ ಅವ್ನಿಗೂ ಕಷ್ಟ ಇರ್ಬೋದು. ಬರ್ತಾನೆ," ಎಂದಳು. ಹತ್ತು ತಿಂಗಳು ಹೀಗೇ ಹೋಯಿತು. ಭೂಮಿ ಹುಣ್ಣಿಮೆ ಬಂತು. ಹಿಂದಿನ ದಿನ ಅವಳು ಬೆಳಿಗ್ಗೆಯೇ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಬಲಗೈ ಇದೆಯಲ್ಲ, ಚಿತ್ತಾರ ಬರೆಯಲು ಅಷ್ಟು ಸಾಕು ಎಂದು ಜಗಲಿಯಲ್ಲಿ ಕೂತಳಂತೆ. ಸ್ಕೂಟರು ಮನೆಯ ಮುಂದೆಯೇ ಹಾದುಹೋಯಿತು. ಹಿಂದೆ ಬೇರೆ ಯಾರೋ ಹೆಂಗಸು ಕೂತಿದ್ದಳು. ಸಂಜೆ ಗುತ್ಯಮ್ಮ ನನಗೆ ಫೋನು ಮಾಡಿದಳು. "ಆಯ್ತು, ಬರೆಸಿ," ಎಂದಳು, ಅಷ್ಟೇ.

ಅರ್ಜಿ ಹೋದ ಮೇಲೆ ಊರಿನಲ್ಲಿ ಯಾರೂ ಅವಳೊಡನೆ ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಘಟಕದ ಹೆಂಗಸರು ಅವಳ ಮನೆ ಬಂದಾಗ ಮುಖ ಆಚೆ ಮಾಡಿ ನಡೆದರು. ಅವಳು ದಿನಸಿ ಅಂಗಡಿಗೆ ಹೋದರೆ ಅಲ್ಲಿದ್ದವರ ಮಾತು ನಿಲ್ಲುತ್ತಿತ್ತು. ಬಸ್ಸಿನಲ್ಲಿ ಒಬ್ಬ, ಟಿಕೆಟ್ಟು ತೆಗೆದುಕೊಳ್ಳುತ್ತ, ಮನೆಯವರಿಗೆ ಸ್ವಲ್ಪ ಬುದ್ಧಿ ಹೇಳಿ ಎಂದು ಅವಳ ಗಂಡನಿಗೆ ಮೆಲ್ಲಗೆ ಹೇಳಿ ಇಳಿದುಹೋದ. ಯಾರು ಎಂದು ಇವತ್ತಿಗೂ ಗೊತ್ತಿಲ್ಲ. ನನ್ನ ಅಂಗಡಿಗೆ ಲೇಬಲ್ಲಿನ ಕೆಲಸ ಬರುವುದು ನಿಂತಿತು. ಕಣ್ಣಾರೆ ಕಂಡ ಸೌಜನ್ಯಾಳನ್ನು ಆದೀಶ್ ಸಾಕ್ಷಿಗೆ ಕೇಳಿದಾಗ, ನಾನು ಆ ಕಡೆ ತಿರುಗಿದ್ದೆ, ಏನೂ ನೋಡಿಲ್ಲ ಎಂದಳು. ಹೇಳುವಾಗ ಉಗುರಿಲ್ಲದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಿದ್ದಳು.

ಹಾಗಾಗಿ ಆದೀಶನ ಕೈಯಲ್ಲಿ ಉಳಿದದ್ದು ಆಸ್ಪತ್ರೆಯ ಚೀಟಿ, 'ಗುತ್ಯಕ್ಕ, ನಾಳೆ ಆರಕ್ಕೇ ಬನ್ನಿ, ಲೋಡ್ ಇದೆ' ಎಂದು ನಾಗೇಂದ್ರ ಮೊಬೈಲಿಗೆ ಕಳಿಸಿದ್ದ ಏಳೆಂಟು ಧ್ವನಿ ಸಂದೇಶಗಳು, ಮತ್ತು ಅವಳ ಬಾಯಿಮಾತು.

ಸಾಗರದ ಕೋರ್ಟಿನಲ್ಲಿ ಮೊದಲು ನನ್ನನ್ನು ಕರೆದರು. ಕರೆಸಿದ್ದು ನಾಗೇಂದ್ರನ ವಕೀಲರೇ. ಬಲವಂತದಿಂದ ಬರೆಸಿದರೇ ಎಂದು ಕೇಳಿದರು. ಇಲ್ಲ ಎಂದೆ. ಹೇಗೆ ಬಂದರು ಎಂದರು. ನಗುತ್ತ ಬಂದರು, ನಾನೂ ನಕ್ಕೆ ಎಂದೆ. ಸತ್ಯ ಹೇಳಿ ಅಷ್ಟು ಸಂಕಟ ನಾನು ಯಾವತ್ತೂ ಪಟ್ಟಿಲ್ಲ.

ಆಮೇಲೆ ಗುತ್ಯಮ್ಮನ ಪಾಟೀಸವಾಲು. ಎಡಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದಳು. ನಾಗೇಂದ್ರ ಹಿಂದಿನ ಬೆಂಚಿನಲ್ಲಿ ಕೂತು ನೆಲ ನೋಡುತ್ತಿದ್ದ.

"ಈ ಸಹಿ ನಿಮ್ಮದೇನಾ?" ಅವನ ವಕೀಲರು ಕೇಳಿದರು.

"ಹೌದು ಸ್ವಾಮಿ."

"ಬರೆದದ್ದು ಅರ್ಥ ಆಗಿತ್ತಾ?"

"ಆಗಿತ್ತು. ವಿಜಯಮ್ಮ ಓದಿ ಹೇಳಿದ್ರು."

"ನಾಗೇಂದ್ರ ಅವ್ರು ನಿಮ್ಮನ್ನ ಹೆದರಿಸಿದ್ರಾ?"

"ಇಲ್ಲ. ಮನೆಯವಳು ಅಂತ ನಾನೇ ಹೇಳಿದ್ದು."

ಹೆದರಿಸಿದರು ಎಂದು ಒಂದು ಮಾತು ಹೇಳಿದ್ದರೆ ಕೇಸು ಅರ್ಧ ಗೆದ್ದಂತಾಗುತ್ತಿತ್ತು. ಪ್ರಮಾಣ ಮಾಡಿ ಸುಳ್ಳು ಹೇಳುವ ಜನ್ಮ ಅವಳದಲ್ಲ. ಆದೀಶ್ ಪೆನ್ನು ಕೆಳಗಿಟ್ಟ. ಎಲ್ಲ ಮುಗಿಯಿತು ಎಂದುಕೊಂಡೆ. ಅವಳ ಅಜ್ಜ ನಿಂತ ಹಾಗೇ ಮೊಮ್ಮಗಳೂ ನಿಂತು ಅದೇ ಮಾತು ಹೇಳುತ್ತಿದ್ದಳು.

"ಹಾಗಾದ್ರೆ ನೀವು ಕೆಲಸದವರಲ್ಲ, ಮನೆಯವರು. ಸರಿ ತಾನೇ?"

 ಅವಳು ವಕೀಲರನ್ನು ಬಿಟ್ಟು ನ್ಯಾಯಾಧೀಶರ ಕಡೆ ತಿರುಗಿದಳು.

"ನಾನೂ ಹಂಗೇ ಅಂದ್ಕೊಂಡಿದ್ದೆ ಸ್ವಾಮಿ. ಅವತ್ತು ದುಗ್ಗಪ್ಪನ ಆಟೋದಲ್ಲಿ ನನ್ನ ಮಲಗ್ಸಿದ್ರು. ಆಟೋ ಇನ್ನೂ ಗೇಟ್ ದಾಟಿರ್ಲಿಲ್ಲ, ಒಳಗೆ ಮಷೀನ್ ಶುರುವಾಗಿದ್ದು ಕೇಳ್ತು. ಒಂದೊಂದೇ ಎಣಿಸ್ದೆ. ಐದು. ನಂದೂ ಸೇರಿ. ಮನೆಯವರ ಕೈ ಹೋಗಿದ್ರೆ ಮಷೀನ್ ನಿಲ್ಸ್ತಿದ್ರು. ಒಂದು ದಿನಕ್ಕಾದ್ರೂ ನಿಲ್ಸ್ತಿದ್ರು. ನಾನು ಕೆಲಸದವಳು ಅಂತ ನಂಗೆ ಗೊತ್ತಾಗಿದ್ದು ಆ ಆಟೋದಲ್ಲಿ. ಒಪ್ಕೊಳ್ಳೋಕೆ ಮಾತ್ರ ವರ್ಷ ಬೇಕಾಯ್ತು."

ಅವಳು ಹೇಳಿದ ಹಾಗೇ ಬರೆದುಕೊಳ್ಳಿ ಎಂದು ನ್ಯಾಯಾಧೀಶರು ಟೈಪಿಸ್ಟಿಗೆ ಹೇಳಿದರು. ನಾಗೇಂದ್ರ ಎದ್ದು ಹೊರಗೆ ಹೋದ.

ಘಟಕ ಈಗಲೂ ನಡೆಯುತ್ತಿದೆ. ಹಾಜರಿ ಪುಸ್ತಕದಲ್ಲಿ ಈಗಲೂ ಒಂಬತ್ತೇ ಹೆಸರು. ಗುತ್ಯಮ್ಮನ ಮಷೀನ್ ಮುಂದೆ ಸೌಜನ್ಯಾ ಕೂರುತ್ತಾಳೆ. ಸೌಜನ್ಯಾಳ ಜಾಗಕ್ಕೆ ಬಂದ ಹುಡುಗಿಗೂ ಅಣ್ಣತಮ್ಮಂದಿರಿಲ್ಲ. ನಾಗೇಂದ್ರ ಅವಳನ್ನು ತಂಗಿ ಎಂದು ಕರೆಯುತ್ತಾನಂತೆ. ಈ ಸಲ ನಾನು ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಆ ಹುಡುಗಿಯ ಮನೆಗೇ ಹೋಗಿ ಹೇಳಿದೆ. ಅವಳು ಕಾಫಿ ಕೊಟ್ಟು, ಅಣ್ಣನ ಬಗ್ಗೆ ಹಾಗೆಲ್ಲ ಹೇಳಬೇಡಿ ಎಂದಳು.

ಹೋದ ತಿಂಗಳು ಆದೇಶ ಬಂತು. ನಾಗೇಂದ್ರ ಮೇಲಿನ ಕೋರ್ಟಿಗೆ ಹೋಗಬಹುದು, ಪರಿಹಾರ ಕೈಸೇರುವುದು ಯಾವಾಗಲೋ, ಆದರೂ ಗೆದ್ದದ್ದು ಗೆದ್ದದ್ದೇ ಎಂದು ಆದೀಶ್ ಫೋನಿನಲ್ಲಿ ಕೂಗಿದ. ಕಾವ್ಯಾ ಅಮ್ಮನನ್ನು ಕರೆದುಕೊಂಡು ಅಂಗಡಿಗೆ ಬಂದಳು. ನಾನು ಕನ್ನಡಕ ಹಾಕಿಕೊಂಡು ಮುಖ್ಯವಾದ ಸಾಲು ಹುಡುಕಿ ಗಟ್ಟಿಯಾಗಿ ಓದಿದೆ: 'ಅರ್ಜಿದಾರಳು ತಮ್ಮ ಕುಟುಂಬದವಳೆಂಬ ಎದುರುದಾರರ ವಾದವನ್ನು ತಳ್ಳಿಹಾಕಲಾಗಿದೆ. ಆಕೆ ಅವರ ಬಳಿ ದುಡಿಯುತ್ತಿದ್ದ ಕೆಲಸಗಾರಳೆಂಬುದು ಸಾಬೀತಾಗಿದೆ.'

ಕಾವ್ಯಾ ಅಮ್ಮನನ್ನು ತಬ್ಬಿಕೊಂಡಳು. ಗುತ್ಯಮ್ಮ ಇನ್ನೊಂದು ಸಲ ಓದಿ ಎಂದಳು. ಓದಿದೆ. ಮತ್ತೊಂದು ಸಲ ಎಂದಳು. ಅದನ್ನೂ ಓದಿದೆ.

"ನಾನು ಅವ್ರ ಮನೆಯವಳು ಯಾವತ್ತೂ ಆಗಿರ್ಲಿಲ್ಲ ಅಂತ ಕೋರ್ಟೇ ಬರ್ದು ಕೊಡ್ತಲ್ಲ ವಿಜಯಮ್ಮ," ಎಂದಳು. ಅಷ್ಟು ಹೇಳಿ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕೂತು ಅಳತೊಡಗಿದಳು. ಕೈ ಹೋದ ದಿನದಿಂದ ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.